ಮೂರನೇ ವೃತ್ತದ ಅಪರಾಧಿ

'ನನ್ನ ದನಿ ಕೊನೆಯ ಬೆಂಚು ಮುಟ್ಟುವುದಿಲ್ಲ' ಎಂದು ಅವಳು ಬೆಳಿಗ್ಗೆ ಡೈರಿಯಲ್ಲಿ ಬರೆದು, ಬರೆದದ್ದಕ್ಕೇ ನಾಚಿ ಮುಚ್ಚಿಟ್ಟಳು.

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅಂದು ಮೂರು ಗಂಟೆಗೆ ಅವಳ ಸರದಿ. ಮನುಷ್ಯನೆಂದರೆ ಈರುಳ್ಳಿಯ ನಡುವಿನ ಕುಡಿ. ಸುತ್ತ ಪದರ ಪದರವಾಗಿ ಮನೆ, ನೆರೆಹೊರೆ, ಆಮೇಲೆ ತಾನು ಕಾಲಿಡದಿದ್ದರೂ ತನ್ನನ್ನು ರೂಪಿಸುವ ಅಪ್ಪ-ಅಮ್ಮನ ಕೆಲಸದ ಜಾಗ ಎಂದು ಉಪನ್ಯಾಸಕಿ ಪಾಠ ಮಾಡಿದ್ದರು. ಅವರವರ ಬದುಕಿನ ಈ ಪದರಗಳನ್ನು ಚಾರ್ಟಿನಲ್ಲಿ ವೃತ್ತಗಳಾಗಿ ಬರೆದು ತರಗತಿಗೆ ವಿವರಿಸಬೇಕು. ಕೊನೆಯ ಬೆಂಚಿಗೆ ಕೇಳಿಸದಿದ್ದರೆ ನಪಾಸು.

ಚಾರ್ಟ್ ಬರೆಯುವಾಗ ಅವಳಿಗೆ ತನ್ನ ದನಿಯ ಕಳ್ಳ ಸಿಕ್ಕಿಯೇಬಿಟ್ಟ. ಅಪ್ಪನಿಗೆ ಇಪ್ಪತ್ತೆರಡು ವರ್ಷದಿಂದ ಪತ್ರಿಕೆ ಅಚ್ಚುಹಾಕುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಹಗಲೆಲ್ಲ ನಿದ್ದೆ. ಮನೆಯಲ್ಲಿ ಅವಳು ಕಲಿತ ಮೊದಲ ಮಾತೇ 'ಶ್!' ಮತ್ತೆ ದನಿ ಕದ್ದವರು ಯಾರು? ಅಪ್ಪನಿಗೆ ಆ ಪಾಳಿ ಹಾಕಿದವರೇ! ಮೂರನೇ ವೃತ್ತದಲ್ಲಿ ಕೆಂಪು ಶಾಯಿಯಿಂದ ಬರೆದಳು: 'ಅಪರಾಧಿ: ಪ್ರೆಸ್ಸಿನ ಫೋರ್‌ಮನ್.'

ಶಾಯಿ ಒಣಗಲೆಂದು ವರಾಂಡದಲ್ಲಿ ಹರಡಿದ್ದೇ ತಪ್ಪಾಯಿತು. ಎದುರುಮನೆಯ ಆಂಟಿ ಓದಿಬಿಟ್ಟರು.

"ಅಯ್ಯೋ, ನನ್ನನ್ನ ಎರಡನೇ ಸುತ್ತಿಗೆ ತಳ್ಳಿದೀಯಾ? ಹೋಗ್ಲಿ ಬಿಡು. ಆ ಫೋರ್‌ಮನ್ನು ಹಿಂದಿನ ಬೀದಿಯವರೇ ಅಲ್ವಾ? ಇರು, ವಿಚಾರಿಸೇ ಬಿಡ್ತೀನಿ!"

"ಬೇಡ ಆಂಟಿ..." ಅದು ಅವಳ ಗಂಟಲು ದಾಟುವಷ್ಟರಲ್ಲಿ ಆಂಟಿ ಬೀದಿ ದಾಟಿದ್ದರು.

ಹತ್ತೇ ನಿಮಿಷ. ನಿವೃತ್ತ ಫೋರ್‌ಮನ್ ಒಂದು ಕೆನ್ನೆಯಲ್ಲಿ ಸೋಪಿನ ನೊರೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತರು. "ಯಾರ್ರೀ ನನ್ನನ್ನ ಅಪರಾಧಿ ಅಂದಿದ್ದು?"

ಅಮ್ಮ ಅಭ್ಯಾಸಬಲದಿಂದ, "ಶ್! ಅವರು ಮಲಗಿದಾರೆ," ಎಂದರು. ಮಲಗಿದ್ದ ಅವರು ಆಗಲೇ ಹೊದಿಕೆ ಸಮೇತ ಎದ್ದುಬಂದಿದ್ದರು.

"ಹೇಳ್ರೀ, ರಾತ್ರಿ ಪಾಳಿ ನಾನಾಗಿ ಹಾಕಿದ್ನಾ?"

ಅಪ್ಪ ಹೊದಿಕೆಯೊಳಕ್ಕೆ ಆಮೆಯಂತೆ ತಲೆ ಎಳೆದುಕೊಂಡರು. "ಇಲ್ಲ ಸಾರ್. ನಾನೇ ಕೇಳ್ಕೊಂಡಿದ್ದು."

"ಯಾಕೆ ಅಂತಲೂ ಹೇಳಿ!"

"ನಮ್ಮ ಪುಟ್ಟಿ ಕೂಸಾಗಿದ್ದಾಗ ರಾತ್ರಿಯಿಡೀ ಕಿರುಚ್ತಿದ್ಲು. ಅದಕ್ಕಿಂತ ಪ್ರೆಸ್ಸಿನ ಮಿಷನ್ ಸದ್ದೇ ವಾಸಿ ಅನ್ನಿಸ್ತು. ಆಮೇಲೆ ಅದೇ ಅಭ್ಯಾಸ ಆಗೋಯ್ತು."

"ನಿಜ ಕಣ್ರೀ," ಆಂಟಿ ಸಾಕ್ಷಿ ನುಡಿದರು. "ಇಡೀ ಬೀದಿಗೆ ಕೇಳಿಸ್ತಿತ್ತು!"

ಮೂರು ಗಂಟೆಗೆ ಅವಳು ತರಗತಿಯ ಮುಂದೆ ನಿಂತಳು. ಚಾರ್ಟಿನಲ್ಲಿ ಫೋರ್‌ಮನ್ ಅಳಿಸಿಹೋಗಿದ್ದರು. ಅಲ್ಲಿಂದ ಹೊರಟ ಬಾಣವೊಂದು ಎಲ್ಲ ಸುತ್ತು ದಾಟಿ ನಡುವಿನ ಚುಕ್ಕೆಗೇ, ಎಂದರೆ ಅವಳಿಗೇ, ಬಂದು ನಾಟಿತ್ತು. ಅವಳು ಏನೋ ಗೊಣಗಿದಳು.

"ಕೇಳಿಸ್ತಿಲ್ಲ!" ಎಂದಿತು ಕೊನೆಯ ಬೆಂಚು.

ತಪ್ಪು ಹೊರಿಸಲು ಇನ್ನು ಬೇರೆ ಯಾರೂ ಉಳಿದಿರಲಿಲ್ಲ. ಹೊರೆ ಇಳಿಸಿದ ಹಾಗೆ ಎದೆ ಹಗುರಾಗಿ ನಗು ಬಂತು. ನಗುವಿನ ಬೆನ್ನಿಗೇ ದನಿಯೂ ಬಂತು.

"ನನ್ನ ಬಾಯಿ ಮುಚ್ಚಿಸಿದ್ದು ನಾನೇ! ಅಷ್ಟು ಜೋರಾಗಿ ಅತ್ತಿದ್ದೆ!"

ಕಿಟಕಿಯ ಗಾಜು ಅದುರಿತು. ಪಕ್ಕದ ತರಗತಿಯ ಮೇಷ್ಟ್ರು ಓಡಿಬಂದು ತುಟಿಯ ಮೇಲೆ ಬೆರಳಿಟ್ಟರು: "ಶ್!"