ಹಿಪ್ಪೆ ಬಿಸ್ಕತ್ತಿನ ಮಹಿಮೆ

ಹೆಂಡತಿಯ ಹೊಟ್ಟೆಯನ್ನು ಮೂರೇ ದಿನದಲ್ಲಿ ದಾರಿಗೆ ತರುತ್ತೇನೆಂದು ಹೋದ ತಿಂಗಳು ನಾನು ಪಣ ತೊಟ್ಟೆ. ತೊಟ್ಟವನು ಸಾಮಾನ್ಯನಲ್ಲ. ಹನ್ನೊಂದು ವರ್ಷದಿಂದ ಕ್ಯಾರೆಟ್ ಜ್ಯೂಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದಿನಕ್ಕೆ ಆರು ಟನ್ ಕ್ಯಾರೆಟ್ಟನ್ನು ಹಿಂಡಿ ಹಿಪ್ಪೆ ಮಾಡಿಸುವವನು. ಅಂಥವನಿಗೆ ಒಂದು ಹೊಟ್ಟೆ ಯಾವ ಲೆಕ್ಕ!

ನನ್ನ ಹೆಂಡತಿ ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಸುತ್ತಾಳೆ. ನಾಲ್ಕು ವರ್ಷದಿಂದ ಅವರಿವರು ರಜೆ ಹಾಕಿದಾಗ ಬದಲಿಯಾಗಿ ಓದುತ್ತಿದ್ದಳು. ಈಗ ಕಾಯಂ ಓದುಗರ ಒಂದೇ ಒಂದು ಜಾಗ ಖಾಲಿಯಾಗಿತ್ತು, ಗುರುವಾರ ಧ್ವನಿಪರೀಕ್ಷೆ. ಆ ಕೆಲಸದ ಮೇಲೆ ಅವಳಿಗೆ ಎಷ್ಟು ಆಸೆಯೆಂದರೆ, ಸೋಪಿನ ಪೊಟ್ಟಣದ ಮೇಲೆ ಬರೆದದ್ದನ್ನೂ ಭಾವ ತುಂಬಿ ಓದುತ್ತಿದ್ದಳು. ಆದರೆ ಪರೀಕ್ಷೆ ಎಂದರೆ ಸಾಕು, ಅವಳ ಹೊಟ್ಟೆ ಕಟ್ಟಿಕೊಂಡು ಮುಷ್ಕರ ಹೂಡುತ್ತದೆ. ಸೋಮವಾರ ಮುಷ್ಕರದ ಮೂರನೇ ದಿನ. ಊಟ ಸೇರದೆ ಮುಖ ಬಾಡಿಹೋಗಿತ್ತು. ನೋಡಿ ನನ್ನ ಕರುಳು ಚುರ್ ಎಂದಿತು.

ಅದೇ ದಿನ ಆಹಾರತಜ್ಞೆಯೊಬ್ಬರು ಕಾರ್ಖಾನೆಗೆ ಬಂದು ಭಾಷಣ ಮಾಡಿದರು. ನಾವು ದನಗಳಿಗೆಂದು ಲಾರಿಗೆ ತುಂಬಿಸುವ ಹಿಪ್ಪೆಯಲ್ಲಿ ನಾರು ತುಂಬಿ ತುಳುಕುತ್ತದಂತೆ. ಅದು ನಮಗೆ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದಂತೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಅದಕ್ಕೇ ಕಾದಿದ್ದು, ತಿಂದು ಹುದುಗಿಸಿ, ಕರುಳಿಗೆ ಹಿತವಾದ ಆಮ್ಲಗಳನ್ನು ತಯಾರಿಸಿ ಕೊಡುತ್ತವಂತೆ. "ಆದ್ರೆ ದಿನಕ್ಕೆ ಒಂದು ಚಮಚದಿಂದ ಶುರು ಮಾಡಿ. ವಾರವಾರಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಇಲ್ಲದಿದ್ರೆ ಗ್ಯಾಸ್ ಆಗುತ್ತೆ. ನೀರು ಚೆನ್ನಾಗಿ ಕುಡೀರಿ," ಎಂದರು.

ಚಮಚವಂತೆ, ವಾರವಂತೆ! ನಮ್ಮಲ್ಲಿ ಹೊಸ ಯಂತ್ರ ಬಂದರೆ ಮೊದಲ ದಿನವೇ ಪೂರ್ತಿ ಲೋಡ್ ಹಾಕಿ ಓಡಿಸುವುದು ಪದ್ಧತಿ. ತಡೆದುಕೊಂಡರೆ ಇರುತ್ತದೆ, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್. ಹನ್ನೊಂದು ವರ್ಷ ಹಾಗೆ ಓಡಿಸಿದವನ ಕಣ್ಣಿಗೆ ಹೊಟ್ಟೆಯೂ ಒಂದು ಯಂತ್ರವೇ.

ಮಂಗಳವಾರ ಮ್ಯಾನೇಜರನ್ನು ಕೇಳಿ ನಾಲ್ಕು ಕಿಲೋ ತಾಜಾ ಹಿಪ್ಪೆ ತಂದೆ. ಓವನ್ನಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಅಂಟಲೆಂದು ಒಂದು ಹಿಡಿ ಗೋಧಿಹಿಟ್ಟು ಸೇರಿಸಿ ಬಿಸ್ಕತ್ತು ಸುಟ್ಟೆ. ಅಡುಗೆಮನೆಯ ತುಂಬ ಕಿತ್ತಳೆ ಬಣ್ಣದ ಧೂಳು. ಅಮ್ಮ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು.

"ಏನೋ ಇದು?"

"ಹಿಪ್ಪೆ ಬಿಸ್ಕತ್ತಮ್ಮ. ನಿನ್ನ ಸೊಸೆಗೆ."

"ಹಿಪ್ಪೆ ದನಕ್ಕೆ ಹಾಕೋದಲ್ವೇನೋ?"

"ಹೌದು. ದನ ಎಷ್ಟು ಆರೋಗ್ಯವಾಗಿರುತ್ತೆ ನೋಡು."

"ದನಕ್ಕೆ ನಾಲ್ಕು ಹೊಟ್ಟೆ ಕಣೋ. ಇವಳಿಗಿರೋದು ಒಂದೇ."

ಹೆಂಡತಿ ಮೊದಲನೆಯದನ್ನು ಬಹಳ ಹೊತ್ತು ಅಗಿದಳು. "ರೀ, ಎಷ್ಟು ತಿನ್ಬೇಕು?"

"ಈಗ ಎಂಟು. ನಾಳೆ ಬೆಳಿಗ್ಗೆ ಎಂಟು, ಸಂಜೆ ಎಂಟು."

"ಅವರು ಅಷ್ಟು ಹೇಳಿದ್ರಾ?"

"ಅವರು ಹೇಳಿದ್ದು ಪುರುಸೊತ್ತಿರೋರಿಗೆ. ನಮಗಿರೋದು ಎರಡೇ ದಿನ."

ಅವಳು ನನ್ನನ್ನು ನಂಬಿ ತಿಂದಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಗಂಡನೆಂದ ಮೇಲೆ ಕಷ್ಟಸುಖದಲ್ಲಿ ಪಾಲಿರಬೇಕೆಂದು ನಾನೂ ತಿಂದೆ. ಅಮ್ಮ ಮಾತ್ರ "ನನಗೆ ಹಲ್ಲಿಲ್ಲಪ್ಪ" ಎಂದು ಜಾರಿಕೊಂಡಳು. ಅವಳಿಗೆ ಇಪ್ಪತ್ತೆಂಟು ಹಲ್ಲಿವೆ.

ಬುಧವಾರ ಸಂಜೆಗೆ ಇಬ್ಬರ ಹೊಟ್ಟೆಯೂ ಗಾಳಿ ತುಂಬಿದ ಟ್ಯೂಬಿನಂತೆ ಬಿಗಿಯಿತು. ಗುರುವಾರ ಬೆಳಿಗ್ಗೆ ಒಳಗಿನ ಕೋಟಿ ಕೆಲಸಗಾರರು ಒಟ್ಟಿಗೇ ಡ್ಯೂಟಿಗೆ ಹಾಜರಾದರು. ಬಸ್ಸಿನಲ್ಲಿ ಎಂಜಿನ್ ಸದ್ದು ನಮ್ಮ ಮಾನ ಕಾಪಾಡಿತು.

ಆದರೆ ರೆಕಾರ್ಡಿಂಗ್ ಕೋಣೆಯಲ್ಲಿ ಎಂಜಿನ್ ಇರಲಿಲ್ಲ. ಗೋಡೆಗೆಲ್ಲ ದಪ್ಪ ಸ್ಪಂಜು. ಸೊಳ್ಳೆ ಹಾರಿದರೂ ಮೈಕಿಗೆ ಕೇಳುತ್ತದೆ. ಗಾಜಿನ ಈಚೆ ಒಬ್ಬ ಟೆಕ್ನಿಷಿಯನ್, ಪಕ್ಕದಲ್ಲಿ ಆಯ್ಕೆ ಮಾಡುವ ಹಿರಿಯ ಮೇಡಂ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣದು; ಕಿವಿ ಮಾತ್ರ ಹತ್ತು ಜನರದ್ದು. ಮೂಲೆಯ ಸ್ಟೂಲಿನ ಮೇಲೆ ನಾನು.

ಹೆಂಡತಿ ಒಳಗೆ ಕೂತು ಓದತೊಡಗಿದಳು. "ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲೆಲ್ಲೂ ಮೌನ."

ಗುಡುಗುಡು ಗುಡುಂ.

"ಒಂದ್ನಿಮಿಷ, ಎಸಿ ಆಫ್ ಮಾಡ್ತೀನಿ," ಎಂದ ಟೆಕ್ನಿಷಿಯನ್.

"ಎಲ್ಲೆಲ್ಲೂ ಮೌನ."

ಗುಡುಗುಡು, ಕೊಂಯ್ಯ್.

ಅವನು ಪಕ್ಕದ ಕೋಣೆಯ ಫ್ರಿಜ್ ಆರಿಸಿದ. ಮಹಡಿಗೆ ಫೋನ್ ಮಾಡಿ ಪಂಪ್ ನಿಲ್ಲಿಸಿದ. ಮೌನ ಮಾತ್ರ ಬರಲೊಲ್ಲದು. "ಮೇಡಂ, ಪೈಪಲ್ಲಿ ನೀರು ಹರೀತಿದೆ ಅನ್ಸುತ್ತೆ," ಎಂದ. ಆಗಲೇ ನನ್ನ ಹೊಟ್ಟೆ ಒಳಗಿನ ಹೊಟ್ಟೆಗೆ ಓಗೊಟ್ಟಿತು. ಮೇಡಂ ನೇರ ನನ್ನ ಕಡೆ ತಿರುಗಿದರು.

"ಈ ಕಡೆಯೂ ಒಂದು ಪೈಪಿದೆ," ಎಂದರು.

ಗಾಜಿನಾಚೆ ಹೆಂಡತಿಯ ಕಣ್ಣು ತುಂಬಿತ್ತು. ನಾಲ್ಕು ವರ್ಷ ಅವಳು ಕಾದದ್ದು ನನ್ನ ಇಪ್ಪತ್ತನಾಲ್ಕು ಬಿಸ್ಕತ್ತಿಗೆ ಬಲಿಯಾಗುತ್ತಿತ್ತು. ತಪ್ಪೊಪ್ಪಿಕೊಳ್ಳಬೇಕೆಂದು ಎದ್ದವನು ಮತ್ತೆ ಸ್ಟೂಲಿನ ಮೇಲೇ ಕೂತೆ. ಅವಳೇ ಕಣ್ಣೊರೆಸಿಕೊಂಡು ಮೈಕಿನ ಹತ್ತಿರ ಬಂದಳು.

"ಮೇಡಂ, ಅದು ಪೈಪಲ್ಲ, ನನ್ನ ಹೊಟ್ಟೆ. ನಮ್ಮನೆಯವರು ಕ್ಯಾರೆಟ್ ಹಿಪ್ಪೇಲಿ ಬಿಸ್ಕತ್ತು ಮಾಡಿ ಎರಡು ದಿನದಲ್ಲಿ ಇಪ್ಪತ್ನಾಲ್ಕು ತಿನ್ಸಿದಾರೆ. ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು."

ಕೊನೆಯ ಮಾತು ಕೇಳಿ ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮೇಡಂ ಮೇಜು ಕುಟ್ಟಿ ಕುಟ್ಟಿ ನಕ್ಕರು. ಆಮೇಲೆ, "ಅಮ್ಮಾ, ಅವಸರ ಏನಿಲ್ಲ. ಬಲಗಡೆ ಕೊನೇ ಬಾಗಿಲು. ಹೋಗ್ಬನ್ನಿ," ಎಂದರು.

ಮುಷ್ಕರ ಮುಗಿಯಿತು. ಇಪ್ಪತ್ತು ನಿಮಿಷದ ಮೇಲೆ ಹೂವಿನಂತೆ ಅರಳಿದ ಮುಖದಿಂದ ಬಂದು, ಎರಡು ಲೋಟ ನೀರು ಕುಡಿದು, ಏಳು ಪುಟ ಒಂದಕ್ಷರ ತಪ್ಪದೆ ಓದಿದಳು. ಮೌನ ಬಂದಲ್ಲೆಲ್ಲ ಮೌನವಿತ್ತು. ಟೆಕ್ನಿಷಿಯನ್ ಕೂಡ ಕೈ ಕಟ್ಟಿ ಕೇಳುತ್ತಿದ್ದ.

"ಅಷ್ಟು ಗಲಾಟೆಯಲ್ಲೂ ನಿಮ್ಮ ದನಿ ನಡುಗಲಿಲ್ಲ. ಸೋಮವಾರದಿಂದ ಬನ್ನಿ," ಎಂದರು ಮೇಡಂ.

ಬಸ್ಸಿನಲ್ಲಿ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಏನೇ ಹೇಳು, ಕೊನೆಗೂ ಬಿಸ್ಕತ್ತು ಕೆಲಸ ಮಾಡ್ತು," ಎಂದೆ. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಮೌನವನ್ನು ಒಪ್ಪಿಗೆಯೆಂದುಕೊಂಡು ಹಿಗ್ಗಿದೆ.

ಸೋಮವಾರ ಸಂಜೆ ಅವಳನ್ನು ಕರೆತರಲು ಎದೆಯುಬ್ಬಿಸಿಕೊಂಡು ಹೋದೆ. ಕೋಣೆಯ ಬಾಗಿಲಿಗೆ ಹೊಸ ಸೂಚನೆಯೊಂದನ್ನು ಟೈಪ್ ಮಾಡಿ ಅಂಟಿಸಿದ್ದರು: "ಒಳಗೆ ಬರುವವರು ಮೊಬೈಲ್, ವಾಚು ಹಾಗೂ ಗಂಡ ಮಾಡಿದ ತಿಂಡಿಯನ್ನು ಹೊರಗೇ ಬಿಡತಕ್ಕದ್ದು."

ಅದರ ಕೆಳಗೆ ಪೆನ್ನಿನಲ್ಲಿ ಇನ್ನೊಂದು ಸಾಲಿತ್ತು: "ಗಂಡನನ್ನೂ."

ಆ ದುಂಡಗಿನ ಕೈಬರಹ ಯಾರದೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.