ಧನಕವಡಿಗೆ ಬಂದವರಿಗಷ್ಟೇ ಕಾಣುವ ವೆಬ್‌ಸೈಟ್

ನಮ್ಮ ಕಾಕಾ ಒಂದು ವೆಬ್‌ಸೈಟ್ ಮಾಡಿದ್ದರು. ಜಗತ್ತಿನ ಯಾವ ಮೂಲೆಯಲ್ಲಿ ಕುಳಿತರೂ ಅದನ್ನು ನೋಡಲು ಸಾಧ್ಯವಿರಲಿಲ್ಲ. ನೋಡಲೇಬೇಕೆಂದರೆ ಪುಣೆಗೆ ಬಂದು, ಸ್ವಾರಗೇಟಿನಲ್ಲಿ ಇಳಿದು, ಧನಕವಡಿಯ ಬಸ್ಸು ಹಿಡಿದು, ಮೂರು ಮಹಡಿ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು. ಹಾಗೆ ಬಂದು ನೋಡಿದವರೇನೂ ಕಡಿಮೆಯಿಲ್ಲ. ಎಲ್ಲರೂ ಚಹಾ ಕುಡಿದುಕೊಂಡು ಹೋದರು.

ಬಣ್ಣ ಹಚ್ಚಿ ಹೇಳುತ್ತಿದ್ದಾಳೆ ಅಂದುಕೊಂಡಿರಾ? ನಮ್ಮ ಮನೆಯಲ್ಲಿ ಬಣ್ಣ ಹಚ್ಚುವ ಕೆಲಸ ಕಾಕಾನದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೀಸೆ ಮೂಡುವ ವಯಸ್ಸಿಗೇ ವಿಜಯಪುರದ ಕಡೆಯಿಂದ ಪುಣೆಗೆ ಬಂದು, ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಆದರು. ಸ್ವಾರಗೇಟಿನಿಂದ ಕಾತ್ರಜದವರೆಗೆ ಔಷಧ ಅಂಗಡಿ, ಹಿಟ್ಟಿನ ಗಿರಣಿ, ವಕೀಲರ ಕಚೇರಿ, ಹಲ್ಲಿನ ಡಾಕ್ಟರು, ಎಲ್ಲರ ಹೆಸರನ್ನೂ ಅವರೇ ಬರೆದರು. ಅವರ ಕೆಲಸದಲ್ಲೊಂದು ನಿಯಮ: ಬರೆದು ಮುಗಿಸಿದ ಮೇಲೆ ರಸ್ತೆ ದಾಟಿ, ಎದುರು ಫುಟ್‌ಪಾತಿನಲ್ಲಿ ನಿಂತು ಓದಬೇಕು. ಹತ್ತಿರದಿಂದ ಚೆನ್ನಾಗಿ ಕಾಣುವ ಯಾವುದನ್ನೂ ಅವರು ನಂಬುವುದಿಲ್ಲ. ನನ್ನ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅದನ್ನು ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ಸರಿಯುತ್ತ, ಅಡುಗೆಮನೆ ದಾಟಿ ಬಾಲ್ಕನಿ ತಲುಪಿ, ಅಲ್ಲಿಂದ, “ವರನ ಹೆಸರು ಕಾಣವಲ್ದು” ಎಂದು ತೀರ್ಪು ಕೊಟ್ಟರು. ವರನನ್ನೂ ಒಮ್ಮೆ ಹಾಗೆ ದೂರದಿಂದ ನೋಡಬಹುದಿತ್ತಲ್ಲ ಎಂದು ನಾನು ಆಮೇಲೆ ಅಂದುಕೊಂಡದ್ದುಂಟು. ಇರಲಿ ಬಿಡಿ, ಆ ಪ್ರಬಂಧ ಬೇರೆ!

ಫ್ಲೆಕ್ಸ್ ಬಂತು, ಕಾಕಾನ ಕೆಲಸ ಹೋಯಿತು. ಆ ಪದವನ್ನು ಅವರು ಬಾಯಲ್ಲಿ ಆಡುವುದಿಲ್ಲ. “ಆ ಪ್ಲಾಸ್ಟಿಕ್ಕು” ಎನ್ನುತ್ತಾರೆ. ಚುನಾವಣೆಯ ಸಮಯದಲ್ಲಿ ಊರತುಂಬ ಅದೇ ಕಟ್ಟಿರುತ್ತಾರಾದ್ದರಿಂದ ಕಾಕಾ ತಿಂಗಳುಗಟ್ಟಲೆ ನೆಲ ನೋಡಿಕೊಂಡೇ ನಡೆಯುತ್ತಾರೆ. ಹಾಗೆ ನಡೆದು ಒಂದು ಸಲ ಬೇರೆಯವರ ಕಟ್ಟಡದ ಮೂರನೆಯ ಮಹಡಿ ಹತ್ತಿ, ಬೇರೆಯವರ ಸೋಫಾದ ಮೇಲೆ ಕುಳಿತು ನೀರು ಕೇಳಿದ್ದಾರೆ. ಅವರೂ ಪಾಪ, ಕೊಟ್ಟರಂತೆ.

ಅಂಥ ಮನುಷ್ಯ ಕಂಪ್ಯೂಟರಿನ ಮುಂದೆ ಕೂತದ್ದು ಕಾಕುವಿಗಾಗಿ. ಕಾಕು ಎಂದರೆ ಅವರ ಹೆಂಡತಿ. ಇಪ್ಪತ್ತೈದು ವರ್ಷಗಳಿಂದ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾರೆ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಭೋರ್‌ನಿಂದ ವಾರಕ್ಕೊಮ್ಮೆ ಪುಣೆಯ ಕೋರ್ಟಿಗೆ ಬರುವವರು ಕೂಡ ಕೇಸು ಮುಂದಕ್ಕೆ ಹೋದ ದುಃಖಕ್ಕೆ ಒಂದು ಕಟ್ಟು ರೊಟ್ಟಿ ಒಯ್ಯುತ್ತಾರೆ. ಆದರೆ ಊರಿಗೆಲ್ಲ ಅದು “ಪೇಂಟರ್ ರೊಟ್ಟಿ.” ಅರ್ಧ ಪುಣೆಗೆ ಬೋರ್ಡು ಬರೆದ ಕಾಕಾ ಹೆಂಡತಿಗೆ ಮಾತ್ರ ಒಂದು ಬೋರ್ಡು ಬರೆದಿರಲಿಲ್ಲ. ಕೇಳಿದಾಗಲೆಲ್ಲ “ನಾಳಿ ಬರೀತೀನಿ” ಎನ್ನುತ್ತಿದ್ದರು.

ಚಾಕಣದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಕಲಬುರ್ಗಿ ಕಡೆಯವರೊಬ್ಬರು ಕಾಕುವಿನ ಕಾಯಂ ಗಿರಾಕಿ. ಅವರ ಡಬ್ಬಿಯ ರೊಟ್ಟಿ ಅಲ್ಲಿಯ ಕ್ಯಾಂಟೀನಿನ ಅಧಿಕಾರಿಗಳ ಬಾಯಿಗೆ ಬಿತ್ತು. ವಾರವಾರ ನಮಗೂ ಬೇಕು ಎಂದರು. ಆದರೆ ದೊಡ್ಡ ಕಾರ್ಖಾನೆ ನೋಡಿ, ನಿಯಮವೂ ದೊಡ್ಡದು. ಮಾಲು ಕೊಡುವವರಿಗೆ ಹೆಸರಿರಬೇಕು, ವೆಬ್‌ಸೈಟ್ ಇರಬೇಕು. ಹದಿನೈದು ದಿನದ ಗಡುವು, ಬರುವ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರದ ತನಕ.

ಫಿಟ್ಟರ್ ಇದನ್ನು ಹೇಳಿದ ದಿನ ಕಾಕು ರೊಟ್ಟಿ ನಾದುವ ಕೊಣಮಿಗೆ ಹಿಟ್ಟು ಸುರಿಯುತ್ತಿದ್ದವರು ನಿಲ್ಲಿಸಿದರು. “ಕೇಳ್ರಿಲ್ಲಿ. ಬಡಿಯಾಕಿ ನಾನು, ಹೆಸರು ಪೇಂಟರಂದು! ಈ ಸಲ ನನ್ನ ಹೆಸರು ಇರಬೇಕು. ಇಲ್ಲಂದ್ರ ಆ ಆರ್ಡರೂ ಬ್ಯಾಡ, ಈ ಕಟಿಪಿಟಿನೂ ಬ್ಯಾಡ. ಹಂಚು ಇಳಿಸಿ ರೊಟ್ಟಿ ಬಡಿಯೂದ ಬಿಟ್ಟಬಿಡ್ತೀನಿ.” ಕಾಕು ಸುಮ್ಮಸುಮ್ಮನೆ ಹೆದರಿಸುವವರಲ್ಲ. ಕಾಕಾನಿಗೂ ಅದು ಗೊತ್ತು.

ವೆಬ್‌ಸೈಟ್ ಮಾಡಿಕೊಡಲು ನನ್ನನ್ನು ಕರೆದರು. ನಾನು ಶಾಲೆಯಲ್ಲಿ ಮಕ್ಕಳ ಅಂಕಪಟ್ಟಿ ಟೈಪ್ ಮಾಡುವವಳು. ನನಗೆ ಕಂಪ್ಯೂಟರ್ ಬರುತ್ತದೆ ಎಂಬುದು ನಮ್ಮ ಮನೆತನದ ಮೂಢನಂಬಿಕೆಗಳಲ್ಲಿ ಒಂದು. ಹೇಗೋ ಒಂದು ಹಳೆಯ ಕಂಪ್ಯೂಟರ್ ತಂದೆವು. ಅದರಲ್ಲಿ, ಕೋಡು ಗೀಡು ಏನೂ ಬರೆಯದೆ, ಚಿತ್ರ ಎಳೆದು ತಂದಿಟ್ಟರೆ ಪುಟವಾಗುವ ಒಂದು ವಿನ್ಯಾಸದ ಸಾಫ್ಟ್‌ವೇರ್ ಹಾಕಿಸಿದೆವು. ಕಾಕಾ ಅದನ್ನು ಹತ್ತು ನಿಮಿಷ ನೋಡಿ, “ಇದರಾಗೇನದ? ಇದು ಬೋರ್ಡೇ” ಎಂದರು. ಅಲ್ಲಿಂದ ಮುಂದೆ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮೊದಲ ದಿನ ಪುಟಕ್ಕೆಲ್ಲ ಹಸಿರು ಬಣ್ಣ ತುಂಬಿ ಕಂಪ್ಯೂಟರ್ ಆರಿಸಿದರು. ಮರುದಿನವಿಡೀ ಅದನ್ನು ಮುಟ್ಟಲಿಲ್ಲ. ಯಾಕೆಂದು ಕೇಳಿದೆ.

“ಮೊದಲ್ನೇ ಕೋಟು. ಒಣಗಬೇಕಲ್ಲವಾ.”

“ಕಾಕಾ, ಅದು ಕಂಪ್ಯೂಟರ್ ರೀ!”

“ಹೌದು. ಅದಕ್ಕ ಒಂದ ದಿನ ಸಾಕು. ತಗಡಾಗಿದ್ರ ಎರಡು ದಿನ ಬೇಕಿತ್ತು.”

ಧೂಳು ಕೂರಬಾರದೆಂದು ಪರದೆಯ ಮೇಲೆ ಹಳೆಯ ಪೇಪರನ್ನೂ ಹೊದಿಸಿದ್ದರು. ಆಮೇಲೆ ಅಕ್ಷರಗಳ ಸರದಿ. ಸಾಫ್ಟ್‌ವೇರಿನಲ್ಲಿದ್ದ ನೂರಾರು ಬಗೆಯ ಅಕ್ಷರಗಳನ್ನು ತೋರಿಸಿದೆ. “ಯಾರೋ ಬರದಿಟ್ಟ ಅಕ್ಷರ ನಾ ಯಾಕ ಹಚ್ಚಲಿ? ನನ್ನ ಕೈ ಬಿದ್ದು ಹೋಗ್ಯಾವೇನು?” ಎಂದು ಸಿಟ್ಟಾದರು. ಪ್ಲೈವುಡ್ ತುಂಡುಗಳ ಮೇಲೆ ಕುಂಚದಲ್ಲಿ “ಬಿಸಿ ರೊಟ್ಟಿ”, “ಖಡಕ್ ರೊಟ್ಟಿ”, “ಶೇಂಗಾ ಚಟ್ನಿ” ಎಂದು ಕನ್ನಡ, ಮರಾಠಿ ಎರಡರಲ್ಲೂ ಬರೆದರು, ಪಕ್ಕದಲ್ಲಿ ರೊಟ್ಟಿಯ ಅಟ್ಟಿಯನ್ನೂ ಬಿಡಿಸಿದರು. ಎಲ್ಲವುಗಳ ಫೋಟೋ ತೆಗೆದು, ಕಂಪ್ಯೂಟರಿಗೆ ಹಾಕಿ, ಒಂದೊಂದನ್ನೇ ಎಳೆದು ತಂದು ಪುಟದಲ್ಲಿ ಇಟ್ಟರು. ಪರದೆಯನ್ನು ಕಿಟಕಿಯ ಕಡೆ ತಿರುಗಿಸಿ, ಮೂರು ಮಹಡಿ ಇಳಿದು, ರಸ್ತೆ ದಾಟಿ, ಎದುರಿನ ಕಟ್ಟಡದ ಮೂರು ಮಹಡಿ ಹತ್ತಿ, ಅವರ ಬಾಲ್ಕನಿಯಿಂದ ಓದಿ ಬಂದರು. ಚಟ್ನಿ ಸ್ವಲ್ಪ ದಪ್ಪಗಾಗಬೇಕು ಎಂದರು.

ಇನ್ನು ಹೋಸ್ಟಿಂಗ್. ಪುಟ ನಮ್ಮ ಕಂಪ್ಯೂಟರಿನಲ್ಲಿದ್ದರೆ ಸಾಲದು, ಇಂಟರ್ನೆಟ್ಟಿನಲ್ಲಿ ಒಂದಿಷ್ಟು ಜಾಗ ಬಾಡಿಗೆಗೆ ಹಿಡಿದು ಅಲ್ಲಿ ಇಡಬೇಕು ಎಂದು ವಿವರಿಸಿದೆ. ಕಾಕಾನಿಗೆ ಇದು ತಕ್ಷಣ ತಿಳಿಯಿತು, ಬೋರ್ಡಿಗೆ ಗೋಡೆ ಬೇಡವೇ? ಆದರೆ ನೋಡದೆ ಗೋಡೆ ಹಿಡಿಯುವ ಜನ ಅವರಲ್ಲ. ಹೋಸ್ಟಿಂಗ್ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿ, ತಮ್ಮ ಹಿಂದಿಯಲ್ಲಿ ವಿಚಾರಿಸಿದರು. ಗೋಡೆ ಯಾವ ದಿಕ್ಕಿಗಿದೆ? ಮಧ್ಯಾಹ್ನದ ಬಿಸಿಲು ಬೀಳುತ್ತದೆಯೇ? ಮುಂದೆ ಮರ ಗಿರ ಇದೆಯೇ? ಚುನಾವಣೆ ಬಂದರೆ ಯಾರಾದರೂ ಮೇಲೆ ಪ್ಲಾಸ್ಟಿಕ್ಕು ಕಟ್ಟುತ್ತಾರೆಯೇ? ಆ ಕಡೆಯ ಹುಡುಗಿ ಬಹಳ ತಾಳ್ಮೆಯವಳು. ಬಿಸಿಲು ಬೀಳುವುದಿಲ್ಲ ಸರ್, ಒಳಗೆಲ್ಲ ಏಸಿ ಇದೆ ಎಂದಳು. “ಏಸಿ ಅದ ಅಂತ!” ಎಂದು ಕಾಕಾ ನಮ್ಮ ಕಡೆ ತಿರುಗಿ ಹೇಳಿದ ಖುಷಿಯನ್ನು ನೀವು ನೋಡಬೇಕಿತ್ತು.

ಅವರು ಕೊಟ್ಟ ವಿಳಾಸ, ಯೂಸರ್ ನೇಮ್, ಪಾಸ್‌ವರ್ಡ್‌ಗಳನ್ನು ಸಾಫ್ಟ್‌ವೇರಿನಲ್ಲಿ ತುಂಬಿ ಕೊಟ್ಟೆ. ಪಾಸ್‌ವರ್ಡ್ ಯಾರಿಗೂ ಕಾಣಬಾರದು ಎಂದು ಎಚ್ಚರಿಸಿಯೂ ಹೇಳಿದೆ. ಮರುದಿನ ಹೋಗಿ ನೋಡಿದರೆ ಅದು ಹಜಾರದ ಗೋಡೆಯ ಮೇಲೆ ಆರಿಂಚಿನ ಕೆಂಪು ಅಕ್ಷರಗಳಲ್ಲಿ, ಹಿಂದೆ ಕಪ್ಪು ನೆರಳಿನ ಸಮೇತ ರಾರಾಜಿಸುತ್ತಿತ್ತು. ಎದುರು ಬಾಲ್ಕನಿಯವರಿಗೂ ಸ್ಪಷ್ಟವಾಗಿ ಕಾಣುತ್ತಿತ್ತಂತೆ.

ಭಾನುವಾರ ಕಾಯಿ ಒಡೆದು, ರಾಹುಕಾಲ ತಪ್ಪಿಸಿ, “ಪಬ್ಲಿಶ್” ಗುಂಡಿ ಒತ್ತಿದರು. ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ಓಡಿತು, ಮುಗಿಯಿತು ಎಂದು ಬಂತು. ವೆಬ್‌ಸೈಟಿನ ವಿಳಾಸ ಹಾಕಿ ನೋಡಿದರೆ ಎಲ್ಲವೂ ಇತ್ತು, ರೊಟ್ಟಿ, ಚಟ್ನಿ, ಫೋನ್ ನಂಬರು. ಅಂದಿನಿಂದ ಶುರುವಾಯಿತು ನೋಡಿ ಮೆರವಣಿಗೆ! ಕಾಕಾ ಗುರುತಿನವರನ್ನೆಲ್ಲ ಕರೆದರು. ನಿಮ್ಮ ಮೊಬೈಲಿನಲ್ಲೇ ನೋಡಿ ಎಂದು ಹೇಳುವುದು ಮರ್ಯಾದೆಯೇ? “ಮನೀಗೇ ಬರ್ರಿ” ಎಂದರು. ಬಂದವರು ಪರದೆಯೆದುರು ಕುಳಿತು, ಭಾಳ ಛಂದ ಅದ ಎಂದು, ಕಾಕು ಕೊಟ್ಟ ಚಹಾ ಕುಡಿದರು. ಬುಧವಾರದ ಹೊತ್ತಿಗೆ ಕಾಕುವಿಗೆ ರೊಟ್ಟಿ ಬಡಿಯಲು ಪುರುಸೊತ್ತೇ ಇರಲಿಲ್ಲ.

ಗುರುವಾರ ಫಿಟ್ಟರ್ ಬಂದರು, ಮುಖ ಸಪ್ಪಗಿತ್ತು. “ಕಾಕಾರೀ, ನಮ್ಮ ಆಫೀಸಿನ್ಯಾಗ ತೆಗದು ನೋಡಿದ್ರು. ಏನೂ ಇಲ್ಲಂತ್ರಿ. ಬರೇ ಹಸರು, ನಡುನಡುವ ಖಾಲಿ ಚೌಕ.”

“ಅವರ ಕಂಪ್ಯೂಟರ್ ಕೆಟ್ಟದ” ಎಂದರು ಕಾಕಾ.

ಫಿಟ್ಟರ್ ತಮ್ಮ ಮೊಬೈಲಿನಲ್ಲಿ ತೆರೆದು ತೋರಿಸಿದರು. ಬರೇ ಹಸಿರು. ನನ್ನ ಮೊಬೈಲಿನಲ್ಲೂ ಹಸಿರು. ಕಾಕಾನ ಕಂಪ್ಯೂಟರಿನಲ್ಲಿ ಮಾತ್ರ ರೊಟ್ಟಿಯ ಅಟ್ಟಿ ಹಾಗೆಯೇ ಇತ್ತು. ಅರ್ಧ ಗಂಟೆ ತಡಕಾಡಿದ ಮೇಲೆ ನನಗೆ ಹೊಳೆಯಿತು. ಪುಟ ಮಾತ್ರ ಹೋಸ್ಟಿಂಗಿಗೆ ಹೋಗಿತ್ತು. ಫೋಟೋಗಳು ಕಾಕಾನ ಕಂಪ್ಯೂಟರಿನ ಡಿ ಡ್ರೈವಿನಲ್ಲೇ ಉಳಿದಿದ್ದವು. ಪುಟ ತೆರೆದಾಗಲೆಲ್ಲ ಅದು ಫೋಟೋಗಳನ್ನು ಅಲ್ಲಿಯೇ ಹುಡುಕುತ್ತಿತ್ತು, ಮತ್ತು ಆ ಡಿ ಡ್ರೈವ್ ಜಗತ್ತಿನಲ್ಲಿ ಇದ್ದದ್ದು ಧನಕವಡಿಯ ಈ ಮನೆಯಲ್ಲಿ ಮಾತ್ರ.

ಇದನ್ನು ಹೇಗೆ ಹೇಳುವುದೋ ಎಂದು ಹೆದರುತ್ತಲೇ ಹೇಳಿದೆ. ಕಾಕಾ ಒಂದೇ ಮಾತಿಗೆ ಹಿಡಿದರು. “ಅಂದ್ರ ತಗಡು ಅಲ್ಲಿ ತೂಗು ಬಿಟ್ಟೀನಿ, ಬಣ್ಣದ ಡಬ್ಬಿ ಇಲ್ಲೇ ಮರತೀನಿ.” ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರ. ಫೋಟೋಗಳನ್ನೆಲ್ಲ ಪುಟದ ಜೊತೆಗೇ ಒಂದು ಫೋಲ್ಡರಿಗೆ ಹಾಕಿ, ಹೊಸದಾಗಿ ಜೋಡಿಸಿ, ಮತ್ತೆ ಪಬ್ಲಿಶ್ ಮಾಡಿದೆವು. ಫಿಟ್ಟರ್ ಮೊಬೈಲಿನಲ್ಲಿ ರೊಟ್ಟಿ ಕಾಣಿಸಿತು. ಇಷ್ಟು ದಿನ ಬರೀ ಅಲಂಕಾರ ಎಂದು ದಾಟಿಹೋಗಿದ್ದನ್ನು ಆಗ ಸರಿಯಾಗಿ ನೋಡಿದೆ, ಎಲ್ಲಕ್ಕೂ ಮೇಲೆ, ದೊಡ್ಡದಾಗಿ, ಸುತ್ತ ಬಳ್ಳಿ ಬಿಡಿಸಿದ ಒಂದು ಬೋರ್ಡು. ಒಳಗೆ ಖಾಲಿ. ಪುಟದ ಹೆಸರಿನ ಜಾಗದಲ್ಲೂ ಸಾಫ್ಟ್‌ವೇರ್ ತಾನೇ ಇಟ್ಟುಕೊಂಡ “ಅನ್‌ಟೈಟಲ್ಡ್” ಹಾಗೇ ಇತ್ತು.

ಫಿಟ್ಟರ್ ಹೋದ ಮೇಲೆ ಕೇಳಿದೆ. “ಕಾಕಾ, ಕಾಕೂನ ಹೆಸರೆಲ್ಲಿ?”

“ಜಾಗಾ ಬಿಟ್ಟೀನಿ.”

“ಜಾಗ ಕಾಣ್ತದ್ರಿ. ಹೆಸರು?”

ಕಾಕಾ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ಬರೀಲಿಕ್ಕೆ ಆಗವಲ್ದವಾ.”

ಹೆಂಡತಿ ಗಂಡನ ಹೆಸರು ಹೇಳಬಾರದು ಎಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಕಾಕಾ ಸಮಾನತೆಯ ಮನುಷ್ಯ, ಅವರೂ ಹೇಳುವುದಿಲ್ಲ. “ಏ”, “ಇಲ್ಲಿ ಕೇಳು”, “ಎಲ್ಲಿದ್ದಿ” ಎಂಬ ಮೂರು ಮಾತಿನಲ್ಲೇ ಇಡೀ ಸಂಸಾರ ಮಾಡಿದ್ದಾರೆ. ಟೈಪ್ ಮಾಡಿಬಿಡಲೇ ಎಂದೆ. ಅವರು ನೋಡಿದ ನೋಟಕ್ಕೆ ನಾನೇ ಪ್ಲಾಸ್ಟಿಕ್ಕು ಆದ ಹಾಗಾಯಿತು.

“ಸಾವಿರ ಮಂದಿ ಹೆಸರು ಬರದೀನಿ. ಅವರ್ಯಾರೂ ನನಗೇನೂ ಆಗಬೇಕಿದ್ದಿಲ್ಲ, ಕೈ ಅಲುಗಲಿಲ್ಲ. ಇಕಿ ಹೆಸರು ಬರೀಲಿಕ್ಕೆ ಎಷ್ಟ ಸಲ ಕೂತೀನಿ ಗೊತ್ತದೇನು? ಕುಂಚ ಹಿಡದ್ರ ಕೈ ನಡಗ್ತದ. ನಡಗೋ ಕೈಲೆ ಬರದ್ರ ಅಕ್ಷರ ಕೆಡ್ತದ. ಇಕಿದು ಕೆಡಬಾರದು.”

ಇಪ್ಪತ್ತೈದು ವರ್ಷದ “ನಾಳೆ”ಯ ಅರ್ಥ ನನಗೆ ಅಂದು ತಿಳಿಯಿತು. ನಗು ಬರಬೇಕಿತ್ತು, ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾಕಾ ಬಣ್ಣ, ಕುಂಚ, ಬೋರ್ಡು ಹಿಡಿದು ಕಟ್ಟಡದ ಮೇಲಿನ ಗಚ್ಚಿಗೆ ಹೋದರು. ಮಧ್ಯಾಹ್ನ ಊಟಕ್ಕೂ ಇಳಿಯಲಿಲ್ಲ. ಮೂರಕ್ಷರಕ್ಕೆ ಒಂದಿಡೀ ದಿನ! ಬಣ್ಣ ಒಣಗುವ ತನಕ ಫೋಟೋ ಕೂಡದು ಎಂದು ಶನಿವಾರ ಹತ್ತು ಗಂಟೆಯವರೆಗೆ ನನ್ನನ್ನು ಹತ್ತಿರ ಬಿಡಲಿಲ್ಲ. ಕೊನೆಗೆ ಫೋಟೋ ತೆಗೆದು, ಪುಟದಲ್ಲಿ ಕೂರಿಸಿ, ಪಬ್ಲಿಶ್ ಒತ್ತಿ, ನನ್ನ ಮೊಬೈಲಿನಲ್ಲಿ ತೆರೆದು ಕಾಕುವಿಗೆ ಹಿಡಿದೆ. ಕಾಕು ಬಹಳ ಹೊತ್ತು ನೋಡಿದರು. “ನನ್ನ ರೊಟ್ಟಿ ಅಂಚು ಹಿಂಗ ಸೀಳಿರೂದಿಲ್ಲ” ಎಂದರು. ಮೊಬೈಲನ್ನು ನನ್ನ ಕೈಗಿಟ್ಟು, ಹೋಗಿ ಹಿಟ್ಟಿಗೆ ಕೈ ಹಾಕಿದರು.

ಸ್ವಲ್ಪ ಹೊತ್ತಿಗೆ ಅವರ ಫೋನು ರಿಂಗಾಯಿತು. ಕೈಯೆಲ್ಲ ಹಿಟ್ಟು, ಬೆರಳ ಹಿಂಭಾಗದಿಂದ ಒತ್ತಿ ಸ್ಪೀಕರಿಗೆ ಹಾಕಿದರು. ಚಾಕಣದ ಕಾರ್ಖಾನೆಯಿಂದ ಎಂದು ಒಬ್ಬರು ಮರಾಠಿಯಲ್ಲಿ ಹೇಳಿ, ಕಸ್ತೂರಿ ಮ್ಯಾಡಮ್ ಇದ್ದಾರೆಯೇ ಎಂದು ಕೇಳಿದರು.

“ಹಂಗ ಯಾರೂ ಇಲ್ರಿ ಇಲ್ಲಿ. ಇದು ಪೇಂಟರ್ ನಂಬರು” ಎಂದು ಕಾಕು ಮರಾಠಿಯಲ್ಲೇ ಹೇಳಿ ಕಟ್ ಮಾಡಿದರು!

ಕಾಕಾ ಕುರ್ಚಿಯಿಂದ ಎದ್ದವರು ಅಡುಗೆಮನೆಯ ಬಾಗಿಲಿಗೆ ಓಡಿದರು. “ಏ ಕಸ್ತೂರೀ! ಅದು ನೀನ ಅಲ್ಲೇನ!”

ಕಾಕು ತಿರುಗಿ ನೋಡಿದರು. ಕಾಕಾ ತಾವು ಆಡಿದ್ದು ತಮಗೇ ಕೇಳಿಸಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಫೋನು ಮತ್ತೆ ರಿಂಗಾಗತೊಡಗಿತು. ಕಾಕು ಅದರ ಕಡೆ ನೋಡಲೇ ಇಲ್ಲ.

“ಇನ್ನೊಮ್ಮೆ ಅನ್ರಿ.”

“ಫೋನ್ ಬರಾಕತ್ತದ, ಆರ್ಡರ್...”

“ಬರಲಿ. ಅನ್ರಿ ನೀವು.”

ಕಾಕಾ ನನ್ನ ಮುಖ ನೋಡಿದರು. ನಾನು ಬೇರೆಲ್ಲೋ ನೋಡುತ್ತ ನಿಂತೆ. ಫೋನು ರಿಂಗಾಗುತ್ತಲೇ ಇತ್ತು. ಅವರು ಮೆಲ್ಲಗೆ, ಒಂದೊಂದೇ ಅಕ್ಷರ ಬರೆಯುವ ಹಾಗೆ, ಇನ್ನೊಮ್ಮೆ ಹೇಳಿದರು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು, ಕೆನ್ನೆಗೆಲ್ಲ ಹಿಟ್ಟು ಹತ್ತಿತು. ಫೋನು ಎತ್ತಿ, “ಹೌದ್ರಿ, ನಾನೇ ಕಸ್ತೂರಿ, ಹೇಳ್ರಿ” ಎಂದರು. ಚಾಕಣದವರ ಜೊತೆ ಮರಾಠಿಯಲ್ಲಿ ಮಾತಾಡಬೇಕೆಂಬುದನ್ನೂ ಮರೆತು, ಕನ್ನಡದಲ್ಲೇ ಅಂದುಬಿಟ್ಟರು.