ಬಿಚ್ಚೋಣ, ಹಂಚೋಣ, ತೆರೆಯೋಣ

ತಾಳ್ಯದಾಚೆಯ ಸಣ್ಣ ಊರೊಂದರ ಶಾಲೆಯಲ್ಲಿ ಕನ್ನಡ ಹೇಳಿಕೊಡುವ ಏಕಾಂತಪ್ಪ ಮೇಷ್ಟ್ರು ಒಂದು ಮಕ್ಕಳ ಪದ್ಯ ಬರೆದರು. ಕೆಟ್ಟದ್ದು ಅಲ್ಲಿಂದಲೇ.

ಕಟ್ಟಿದ ಕೊರಳನು ಬಿಚ್ಚೋಣ,
ಹಸಿದವರೊಂದಿಗೆ ಹಂಚೋಣ,
ಮುಚ್ಚಿದ ಬಾಗಿಲು ತೆರೆಯೋಣ,
ಹೊಸದೊಂದು ಲೋಕ ಕಟ್ಟೋಣ!

ಮಕ್ಕಳ ಎದೆಯಲ್ಲಿ ದಯೆ ಮೊಳೆತರೆ ಲೋಕ ನೆಟ್ಟಗಾದೀತು ಎಂಬುದು ಅವರ ನಂಬಿಕೆ. ಮಕ್ಕಳು ಪದ್ಯವನ್ನು ಮನೆವರೆಗೂ ಕುಣಿಯುತ್ತ ಹಾಡಿಕೊಂಡು ಹೋದರು.

ಮಾರನೆ ಬೆಳಿಗ್ಗೆ ಮೇಷ್ಟ್ರು ಹಲ್ಲುಜ್ಜುತ್ತಿದ್ದಾಗ ಮೇಕೆ ಸಾಕುವ ಮಾರಪ್ಪ ಹಗ್ಗ ಹಿಡಿದು ಬಂದ. ಹಗ್ಗದ ತುದಿಯಲ್ಲಿ ಮೇಕೆ ಇರಲಿಲ್ಲ.

“ಮೇಷ್ಟ್ರೇ, ಹುಡುಗ್ರು ನನ್ನ ಮೇಕೆನೆಲ್ಲಾ ಬಿಚ್ಚಿಬಿಟ್ಟಾವೆ! ನೀವೇ ಹೇಳಿದ್ರಂತೆ?”

“ಕೊರಳು ಅಂದ್ರೆ ಮನುಷ್ಯರ ಕೊರಳು ಕಣಪ್ಪ. ಬಂಧನ ಅಂತ ಅರ್ಥ.”

“ನನ್ನ ಮೇಕೆಗೂ ಕೊರಳೈತೆ ಮೇಷ್ಟ್ರೇ!”

ಅಷ್ಟರಲ್ಲಿ ಪಕ್ಕದ ಮನೆಯ ವೀರಮ್ಮ ಬೆಂಕಿಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತ ಬಂದಳು. ಮೇಕೆಗಳು ಅವಳ ಕೊತ್ತಂಬರಿ ಮಡಿಯನ್ನು ಬೋಳಿಸಿದ್ದವು. ಮೊಮ್ಮಕ್ಕಳು ಹೋಳಿಗೆಯನ್ನೆಲ್ಲ ಬೀದಿ ನಾಯಿಗಳಿಗೆ ಹಂಚಿದ್ದರು.

“ಮಧ್ಯಾಹ್ನ ಗಂಡಿನ ಕಡೆಯೋರು ಬರ್ತಾರೆ. ಅವರ ಮುಂದೆ ಏನಿಡ್ಲಿ, ನಿಮ್ಮ ಪದ್ಯನಾ?”

ಇಬ್ಬರನ್ನೂ ಕೈಮುಗಿದು ಸಾಗಹಾಕಿ ಮೇಷ್ಟ್ರು ಶಾಲೆಗೆ ಓಡಿದರು. ಅಲ್ಲಿ ಮೂರನೇ ಸಾಲೂ ಜಾರಿಗೆ ಬಂದಿತ್ತು. ಬಿಸಿಯೂಟದ ಉಗ್ರಾಣದ ಬಾಗಿಲು ತೆರೆದಿತ್ತು. ಮಾರಪ್ಪನ ಮೇಕೆಗಳು ಅಕ್ಕಿ ಮೂಟೆಗಳ ಮೇಲೆ ಮದುವೆ ಮನೆಯ ಬೀಗರಂತೆ ಕೂತಿದ್ದವು.

“ಇನ್ಮೇಲೆ ಪದ್ಯ ಗಿದ್ಯ ಬರೆದ್ರೆ ನಾನು ಸುಮ್ಮನಿರಲ್ಲ,” ಎಂದು ಹೆಡ್‌ಮಾಸ್ಟರ್ ರಂಗೇಶ್ ಎಲ್ಲರೆದುರಿಗೇ ಗದರಿದರು.

ಏಕಾಂತಪ್ಪ ಕ್ಲಾಸಿಗೆ ಹೋಗಿ, ಬೋರ್ಡಿನ ಮೇಲಿದ್ದ ಪದ್ಯವನ್ನು ಕೈಯಲ್ಲೇ ಒರೆಸಿದರು.

“ಪದ್ಯ ಇರೋದು ಹಾಡಾಕೆ. ಹಂಗೇ ಮಾಡಾಕಲ್ಲ. ತಿಳೀತಾ?”

ಮುಂದಿನ ಸಾಲಿನ ಪಲ್ಲವಿ ಎದ್ದು ನಿಂತಳು. “ಹಂಗಾರೆ ಅದು ಸುಳ್ಳಾ ಸಾ?”

ಮೇಷ್ಟ್ರು ಪಾಠದ ಪುಸ್ತಕ ತೆರೆದರು. ಮಕ್ಕಳು ತಲೆ ತಗ್ಗಿಸಿದರು, ಆಮೇಲೆ ಸಂಜೆವರೆಗೂ ಯಾರೂ ಹಾಡಲಿಲ್ಲ.

ಮೇಷ್ಟ್ರು ಮನೆಗೆ ಬಂದವರೇ ಕಾಫಿಯನ್ನೂ ಮುಟ್ಟದೆ ಗೋಡೆ ನೋಡುತ್ತ ಕೂತರು. ಲೋಕ ಬದಲಾಗುವುದಿರಲಿ, ಒಂದು ಕ್ಲಾಸನ್ನು ನಗಿಸುವುದೂ ತಮ್ಮಿಂದಾಗದು ಅನ್ನಿಸಿತು. ಹೆಂಡತಿ ಬಸಮ್ಮ ಎರಡು ಸಲ ಕರೆದರೂ ಕೇಳಿಸಲಿಲ್ಲ.

ಆಗ ಬಾಗಿಲಲ್ಲಿ ಮಾರಪ್ಪ ಕೆಮ್ಮಿದ. ಹೊಡೆಯಲು ಬಂದನೆಂದು ಮೇಷ್ಟ್ರು ಎದ್ದು ನಿಂತರು.

“ಕುಂತ್ಕಳ್ರಿ ಮೇಷ್ಟ್ರೇ. ನನಗೊಂದು ಪದ್ಯ ಬರ್ಕೊಡ್ರಿ.”

ಏಕಾಂತಪ್ಪನವರ ಕಣ್ಣು ತುಂಬಿಬಂತು. “ಯಾವುದರ ಮ್ಯಾಲೆ ಮಾರಪ್ಪ? ಪ್ರಾಣಿದಯೆ?”

“ಏ, ಅದೆಲ್ಲಾ ಬ್ಯಾಡ್ರಿ. ವೀರಮ್ಮನ ಮನೆ ಹುಡುಗ್ರು ನಮ್ಮ ನಲ್ಲಿಗೆ ನೀರಿಗೆ ಬರಬಾರ್ದು, ಹಂಗೆ ಬರೀರಿ. ನಾವು ಬಾಯಿ ಬಡ್ಕಂಡ್ರೂ ಕೇಳಲ್ಲ. ನಿಮ್ಮ ಪದ್ಯ ಅಂದ್ರೆ ಒಂದೇ ದಿನಕ್ಕೆ ಕೇಳ್ತಾವೆ!”

ಅವನ ಹಿಂದೆ ವೀರಮ್ಮ ನಿಂತಿದ್ದಳು. “ನನಗೂ ಒಂದು ಮೇಷ್ಟ್ರೇ, ಮಾರಪ್ಪನ ಹುಡುಗ್ರ ಮ್ಯಾಲೆ.” ಅವಳ ಹಿಂದೆ ಬೀದಿಯುದ್ದಕ್ಕೂ ಜನ. ಕೊನೆಯಲ್ಲಿ ರಂಗೇಶ್ ಮೆಲ್ಲಗೆ ಕೈಯೆತ್ತಿದರು.

ಬಸಮ್ಮ ಕಿವಿಯ ಬಳಿ ಬಗ್ಗಿದಳು. “ರೀ, ಮೊದ್ಲು ನನ್ನದು. ವೀರಮ್ಮ ದಿನಾ ಸಕ್ರೆಗೆ ಮೊಮ್ಮಕ್ಳನ್ನ ಕಳಿಸ್ತಾಳೆ. ಬಾಗಿಲಿಂದಲೇ ವಾಪಸ್ ಹೋಗಂಗೆ ಬರೀರಿ.”

ಏಕಾಂತಪ್ಪ ಪೆನ್ನು ತೆಗೆದರು.

ನಮ್ಮದು ನಮಗೇ ಸಾಲಲ್ಲ,
ನಿಮಗೆ ಕೊಡೋಕೆ ಬರಲ್ಲ...

ಪ್ರಾಸ ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ.